ಬೆಟ್ಟದಪುರದ ಅರ್ಧ ದಾರಿ

ನನ್ನ ಮನೆಗೆ ನೆಂಟರು ಬರುವುದು ಕಡಿಮೆ. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಎರಡು ಕೋಣೆಯ ಬಾಡಿಗೆ ಮನೆ ಅದು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ನಾನು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ರಾವಂದೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗುವುದೂ ನಿಂತಿತು. ಹಗಲೆಲ್ಲ ಹೆಂಗಸರು ಬರುತ್ತಾರೆ, ರವಿಕೆಗೆ ಅಳತೆ ಕೊಡುತ್ತಾರೆ, ಅತ್ತೆಯ ವಿಷಯ ನಾದಿನಿಯ ವಿಷಯ ಹೇಳಿಕೊಂಡು ಹಗುರಾಗಿ ಹೋಗುತ್ತಾರೆ. ಸಂಜೆ ಮಿಷನ್ನಿಗೆ ಬಟ್ಟೆ ಮುಚ್ಚಿದೆನೆಂದರೆ ಮರುದಿನ ಹಾಲಿನವನು ಬರುವ ತನಕ ಆ ಮನೆಯಲ್ಲಿ ಮಾತಿಲ್ಲ.

ಹಾಗಿರುವಾಗ ಮೂರು ವರ್ಷದ ಹಿಂದೆ, ಅವರೆಕಾಯಿಯ ಕಾಲದಲ್ಲಿ, ಅವಳು ಬಂದಳು. ಹೊಲಿಗೆ ಕಲಿಯಲು ನಾನು ಮೈಸೂರಿನಲ್ಲಿದ್ದಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿ ಇದ್ದವರು. ಅವಳು ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಯಾತ್ರೆಯ ಬಸ್ಸುಗಳಲ್ಲಿ ಅಡುಗೆಗೆ ಹೋಗತೊಡಗಿದಳು. ಆಮೇಲೆ ವರ್ಷಕ್ಕೊಂದು ಫೋನು ಬರುತ್ತಿತ್ತು, ಒಮ್ಮೆ ಕಾಶಿಯಿಂದ, ಒಮ್ಮೆ ಹರಿದ್ವಾರದಿಂದ. "ನಾಕು ದಿನ ಇದ್ದೋಗಾನ ಅಂತ ಬಂದೆ ಕಣಮ್ಮಿ" ಎಂದು ಬಾಗಿಲಲ್ಲಿ ನಿಂತು ನಕ್ಕಳು. ಕೈಯಲ್ಲಿ ದೊಡ್ಡದೊಂದು ಏರ್‌ಬ್ಯಾಗಿತ್ತು. ನಾಲ್ಕು ದಿನ ಹೋಗಿ ಮೂರು ವಾರವಾಯಿತು. ನಾನು ಕೇಳಲಿಲ್ಲ. ನನಗೂ ಅದೇ ಬೇಕಾಗಿತ್ತು. ಬೆಳಿಗ್ಗೆ ಏಳುವಾಗ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಸದ್ದು ಮಾಡುತ್ತಿರುವುದನ್ನು ಕೇಳಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಮಲಗಿರುತ್ತಿದ್ದೆ.

ನನಗೆ ಗೆಳತಿಯರೆಂದರೆ ಇಬ್ಬರು. ಒಬ್ಬಳು ಅಂಗನವಾಡಿ ಟೀಚರ್, ಇನ್ನೊಬ್ಬಳು ಗಂಡನ ಜೊತೆ ಬೇಕರಿ ನಡೆಸುವವಳು. ಇಬ್ಬರೂ ರವಿಕೆ ಹೊಲಿಸಲು ಬಂದು ಪರಿಚಯವಾದವರು. ಮಧ್ಯಾಹ್ನ ಬಿಡುವಾದಾಗ ನನ್ನ ಮುಂದಿನ ಕೋಣೆಯ ಬೆಂಚಿನ ಮೇಲೆ ಕೂತು ಹೋಗುತ್ತಿದ್ದರು. ನನ್ನ ನೆಂಟಳು ಬಂದ ಮೇಲೆ ದಿನಾ ಬರತೊಡಗಿದರು. ಅವಳು ಕೇದಾರದ ಹಾದಿ ಹೇಳುವಳು, ಮಂಜು ಕಾಲಿನ ಕೆಳಗೆ ಹೇಗೆ ಸದ್ದು ಮಾಡುತ್ತದೆಂದು ಹೇಳುವಳು. ಕುದುರೆಯವನು ಹೆದರಿ ನಿಂತ ತಿರುವಿನಲ್ಲಿ ತಾನು ನಡೆದೇ ಹೋದೆ ಎನ್ನುವಳು. ಇಬ್ಬರೂ ಬಾಯಿ ಬಿಟ್ಟುಕೊಂಡು ಕೇಳುವರು. ನಾನು ಗುಂಡಿ ಕಟ್ಟುತ್ತ ಕೇಳುತ್ತಿದ್ದೆ. ಎಷ್ಟೋ ಸಲ ಅವರು ಎದ್ದು ಹೋಗುವಾಗ ಅವಳಿಗೆ ಮಾತ್ರ ಹೇಳಿ ಹೋದದ್ದುಂಟು.

ಬೆಟ್ಟದಪುರದ ಬೆಟ್ಟ ಹತ್ತುವ ಮಾತು ತೆಗೆದವಳೂ ಅವಳೇ. "ಇಷ್ಟು ಹತ್ರ ಇಟ್ಕೊಂಡು ನೀವ್ಯಾರೂ ಅತ್ತಿಲ್ವಾ? ಈ ಭಾನುವಾರನೇ ಹೋಗಾನ ನಡೀರಿ" ಎಂದಳು. ಟೀಚರ್ ಕುಣಿದಳು. ಬೇಕರಿಯವಳು ಗಂಡನಿಗೆ ಅಂಗಡಿ ವಹಿಸಿ ಬರಲು ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಹೇಗೂ ಬರುತ್ತೇನೆ ಎಂದುಕೊಂಡಿರಬೇಕು.

ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಮೊದಲ ಬಸ್ಸು ಹಿಡಿದೆವು. ಬೆಟ್ಟದ ಬುಡದಲ್ಲಿ ಇನ್ನೂ ಇಬ್ಬನಿ ಇತ್ತು. ಮೇಲೆ ಮಲ್ಲಿಕಾರ್ಜುನನ ಗುಡಿಯ ತನಕ ಕಲ್ಲಿನ ಮೆಟ್ಟಿಲುಗಳು, ಎಣಿಸಿದವರು ಮೂರು ಸಾವಿರದ ಮೇಲೆ ಎನ್ನುತ್ತಾರೆ. ಅವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಎಲ್ಲರಿಗಿಂತ ಮುಂದೆ ಹೊರಟಳು. ಆ ಇಬ್ಬರೂ ಅವಳ ಹಿಂದೆ. ನಗು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅವರನ್ನು ಸೇರಿಕೊಳ್ಳೋಣವೆಂದು ಎರಡೆರಡು ಮೆಟ್ಟಿಲು ಹಾರಿ ಹತ್ತುವಾಗ ನನ್ನ ಎಡಗಾಲು ಹೊರಳಿತು. ಕುಂಟುತ್ತ ಅರ್ಧ ದಾರಿಯ ಮಂಟಪ ಮುಟ್ಟುವಷ್ಟರಲ್ಲಿ ಕಾಲಿನ ಹರಡು ಊದಿಕೊಂಡಿತ್ತು.

"ನೀನು ಇಲ್ಲೇ ಕೂತಿರು, ಬರೋವಾಗ ಕರ್ಕೊಂಡ್ ಹೋಗ್ತೀವಿ" ಎಂದಳು ಟೀಚರ್.

ನನ್ನ ನೆಂಟಳು ಸುತ್ತ ನೋಡಿ, "ಮೆಟ್ಲು ಮುದುಕರಿಗೆ. ನಾನು ಈ ಬಂಡೆ ಮೇಲಿಂದ ಬತ್ತೀನಿ. ನಿಮಗಿಂತ ಮೊದ್ಲು ಗುಡಿ ಬಾಗ್ಲಲ್ಲಿ ನಿಂತಿರ್ತೀನಿ ನೋಡ್ತಿರಿ" ಎಂದು ಮಂಟಪದ ಪಕ್ಕದ ಪೊದೆ ಸರಿಸಿಕೊಂಡು ನಡೆದೇಬಿಟ್ಟಳು. ಅವರಿಬ್ಬರೂ ನಗುತ್ತ ಮೆಟ್ಟಿಲು ಹಿಡಿದರು.

ನಾನು ಕಂಬಕ್ಕೆ ಒರಗಿ ಕೂತೆ. ಕೆಳಗೆ ಹೊಗೆಸೊಪ್ಪು ಕಿತ್ತು ಬರಿದಾದ ಹೊಲಗಳು, ಸೊಪ್ಪು ಬೇಯಿಸುವ ಬ್ಯಾರನ್‌ಗಳ ಹೆಂಚು, ಅಲ್ಲೊಂದು ಇಲ್ಲೊಂದು ಕೆರೆ. ಒಂದು ಕೋತಿ ಬಂದು ನನ್ನ ಬುತ್ತಿಯನ್ನು ನೋಡಿತು. ಒಂದು ರೊಟ್ಟಿ ಎಸೆದೆ. ಅದೂ ತೆಗೆದುಕೊಂಡು ಹೋಯಿತು. ನಾಲ್ಕು ಜನ ಕೂಡಿ ಹೊರಟ ದಿನವೂ ನಾನು ಹೀಗೆ ಒಬ್ಬಳೇ ಕೂರುವಂತಾಯಿತಲ್ಲ ಎಂದು ಅನಿಸಿದಾಗ ಅಳು ಬರಲಿಲ್ಲ, ಒಂದು ರೀತಿ ನಾಚಿಕೆಯಾಯಿತು.

ಅರ್ಧ ಗಂಟೆ ಕಳೆದಿರಬಹುದು. ಗಾಳಿ ನಿಂತಾಗ ಸಣ್ಣದೊಂದು ದನಿ ಕೇಳಿಸಿತು. ಮೊದಲು ಕುರಿ ಎಂದುಕೊಂಡೆ. ಮತ್ತೆ ಕೇಳಿದಾಗ ಅದು ನನ್ನನ್ನೇ ಕರೆಯುತ್ತಿತ್ತು.

ಪೊದೆ ದಾಟಿ ಹೋಗಿ ನೋಡಿದರೆ, ಇಳಿಜಾರು ಬಂಡೆಯ ನಡುವೆ ಅವಳು ಅಂಗೈ ಎರಡನ್ನೂ ಕಲ್ಲಿಗೆ ಒತ್ತಿಕೊಂಡು ಕೂತಿದ್ದಳು. ಒಂದು ಚಪ್ಪಲಿ ಜಾರಿ ಕೆಳಗಿನ ಮುಳ್ಳಿನಲ್ಲಿ ಬಿದ್ದಿತ್ತು. ಮೇಲೆ ಹೋಗುವಂತಿಲ್ಲ, ಕೆಳಗೆ ಬರುವಂತಿಲ್ಲ.

"ಟೀಚರಿಗೆ ಫೋನ್ ಮಾಡ್ತೀನಿ, ತಡಿ" ಎಂದೆ.

"ಬ್ಯಾಡ ಕಣಮ್ಮಿ. ದಮ್ಮಯ್ಯ, ಅವ್ರಿಗೆ ಗೊತ್ತಾಗೋದು ಬ್ಯಾಡ."

ಚಪ್ಪಲಿ ಬಿಟ್ಟು, ಮಂಡಿಯೂರಿ, ಊದಿದ ಕಾಲನ್ನು ಎಳೆದುಕೊಂಡು ಬಂಡೆ ಹತ್ತಿದೆ. ನನಗೂ ಭಯವಿತ್ತು, ಆದರೆ ಅವಳ ಮುಖ ನೋಡಿದ ಮೇಲೆ ಭಯಪಡಲು ಬಿಡುವಾಗಲಿಲ್ಲ. ಅವಳ ಪಾದ ಕೈಗೆ ಸಿಗುವಷ್ಟು ಹತ್ತಿರ ಹೋಗಿ, "ಬಲಗಾಲು ನನ್ ಕೈಗೆ ಕೊಡು" ಎಂದೆ.

"ನನ್ ಕೈಲಿ ಆಗಕ್ಕಿಲ್ಲ."

"ಆಗ್ತದೆ ಬುಡು. ಕಣ್ಣು ಮುಚ್ಕೊ. ಕಾಲು ಮಾತ್ರ ಕೊಡು."

ಕೊಟ್ಟಳು. ಹಿಮ್ಮಡಿ ಹಿಡಿದು ಒಂದು ಬಿರುಕಿನಲ್ಲಿ ಇಟ್ಟೆ. ಆಮೇಲೆ ಎಡಗಾಲು. ನಾನು ಒಂದು ಗೇಣು ಇಳಿಯುವುದು, ಅವಳ ಕಾಲನ್ನು ಒಂದು ಗೇಣು ಇಳಿಸುವುದು. ಮುಳ್ಳಿನಿಂದ ಅವಳ ಚಪ್ಪಲಿ ಬಿಡಿಸಿಕೊಂಡು ಮಂಟಪಕ್ಕೆ ಬಂದು ಕೂತಾಗ ಇಬ್ಬರ ಮೊಣಕೈಯೂ ತರಚಿತ್ತು. ಅವಳು ಬಾಟಲಿಯ ನೀರನ್ನೆಲ್ಲ ಕುಡಿದಳು.

"ನಾನು ಯಾವ ಬೆಟ್ಟನೂ ಅತ್ತಿಲ್ಲ ಕಣಮ್ಮಿ" ಎಂದಳು.

"ಮತ್ತೆ ಕೇದಾರ?"

"ಬಸ್ಸು ನಿಲ್ಲೋ ಜಾಗ್ದಲ್ಲೇ ಒಲೆ ಹೂಡ್ತಿದ್ವಿ. ಜನ ಮೇಲೋಗಿ ಬರೋಷ್ಟರಲ್ಲಿ ಅನ್ನ ಸಾರು ಆಗಿರ್ಬೇಕು. ಅವ್ರು ಉಣ್ತಾ ಉಣ್ತಾ ಹೇಳೋರು, ಇಂಗಿತ್ತು ಅಂಗಿತ್ತು ಅಂತ. ಬಡಿಸ್ತಾ ಕೇಳ್ತಿದ್ದೆ. ಕೇಳಿ ಕೇಳಿ ನಾನೇ ನೋಡ್ದಂಗಾಗೋಯ್ತು."

ಆ ವರ್ಷ ಬಸ್ಸಿನವರು ಬೇರೆ ಅಡುಗೆಯವರನ್ನು ಗೊತ್ತುಮಾಡಿಕೊಂಡಿದ್ದರು. ಕುಶಾಲನಗರದ ಹತ್ತಿರ ಅಣ್ಣನ ಮನೆಗೆ ಹೋದರೆ ಇವಳ ಟ್ರಂಕು ಹೊರಗಿನ ಶೆಡ್ಡಿಗೆ ಹೋಗಿತ್ತಂತೆ. "ಯಾರೂ ಹೋಗು ಅನ್ನಲಿಲ್ಲ. ಬಾ ಅಂತಾನೂ ಅನ್ನಲಿಲ್ಲ" ಎಂದಳು.

"ನಮ್ಮನೇಲೇ ಇರು" ಎಂದೆ. "ಇಬ್ಬರಿಗೆ ಸಾಕಾಗೋಷ್ಟು ಜಾಗ ಐತೆ."

ಅವಳು ನನ್ನ ಕೈ ಹಿಡಿದುಕೊಂಡಳು. ಎಷ್ಟೋ ವರ್ಷಗಳಲ್ಲಿ ನನ್ನ ಕೈಯನ್ನು ಯಾರಾದರೂ ಹಾಗೆ ಹಿಡಿದದ್ದು ನೆನಪಿರಲಿಲ್ಲ. ಬಿಸಿಲು ಮಂಟಪದ ಒಳಗೆ ಬಂದಿತ್ತು. ಮನಸ್ಸಿನಲ್ಲೇ ನಾನು ಮಿಷನ್ನನ್ನು ಗೋಡೆಗೆ ಸರಿಸಿ ಇನ್ನೊಂದು ಮಂಚ ಹಾಕಿಯಾಗಿತ್ತು.

ಮೇಲಿಂದ ದನಿ ಕೇಳಿಸಿತು. ಗುಡಿಯ ಬಾಗಿಲಲ್ಲಿ ಕಾದು ಸಾಕಾಗಿ ಇಬ್ಬರೂ ಇಳಿದು ಬರುತ್ತಿದ್ದರು. ಅವಳು ಕೈ ಬಿಟ್ಟು ಎದ್ದಳು. ಮುಖ ಒರೆಸಿಕೊಂಡು ವೇಲನ್ನು ಮತ್ತೆ ಸೊಂಟಕ್ಕೆ ಬಿಗಿದಳು.

"ಎಲ್ಲೋದೆ? ಕಾದು ಕಾದು ಸಾಕಾಯ್ತು" ಎಂದಳು ಬೇಕರಿಯವಳು.

"ಇನ್ನೇನು ತುದಿ ಮುಟ್ಟಿದ್ದೆ, ಇವಳು ಕೂಗ್ಕೊಂಡ್ಳು" ಎಂದಳು ನನ್ನ ನೆಂಟಳು. "ಕಾಲ್ ನೋವು, ಒಬ್ಳೇ ಕೂರಕ್ಕೆ ಭಯ ಅಂದ್ಳು. ಪಾಪ ಅಂತ ಇಳ್ದು ಬಂದೆ."

ಟೀಚರ್ ನನ್ನ ಕಡೆ ತಿರುಗಿದಳು. "ಒಂದರ್ಧ ಗಂಟೆ ಕೂತಿರಕ್ಕೆ ಆಗ್ಲಿಲ್ವೇನೆ? ಅಷ್ಟು ದೂರದಿಂದ ಬಂದೋರು, ಗುಡಿ ನೋಡ್ದೆ ಹೋಗೋಹಂಗಾಯ್ತು."

ನಾನು ನನ್ನ ನೆಂಟಳ ಕಡೆ ನೋಡಿದೆ. ಅವಳು ಬುತ್ತಿಯ ಗಂಟು ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ನಿಜ ಹೇಳಬಹುದಿತ್ತು. ಹೇಳಿದರೆ ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ಆಸ್ತಿಯನ್ನು ಕಿತ್ತುಕೊಂಡಂತೆ ಆಗುತ್ತಿತ್ತು. "ತಪ್ಪಾಯ್ತು" ಎಂದೆ. ನಾಲ್ವರೂ ಕೂತು ರೊಟ್ಟಿ ತಿಂದೆವು. ಅವಳು ಬಂಡೆಯ ಮೇಲಿನ ದಾರಿ ಹೇಗಿತ್ತೆಂದು ಹೇಳುತ್ತಿದ್ದಳು.

ಮನೆಗೆ ಬಂದ ಮೇಲೆ ನನ್ನ ಕಾಲಿಗೆ ಬಿಸಿನೀರು ಕಾಯಿಸಿಕೊಟ್ಟಳು, ಅರಿಸಿನ ಹಚ್ಚಿದಳು. ಮಂಟಪದ ಮಾತು ಇಬ್ಬರೂ ಎತ್ತಲಿಲ್ಲ. ಆದರೆ ಅವಳು ನನ್ನ ಕಣ್ಣು ತಪ್ಪಿಸುತ್ತಿದ್ದಳು. ಮೊದಲು ಅಡುಗೆಮನೆಯಿಂದಲೇ ಜೋರಾಗಿ ಮಾತಾಡುತ್ತಿದ್ದವಳು ಈಗ ಸದ್ದಿಲ್ಲದೆ ಕೆಲಸ ಮಾಡುತ್ತಿದ್ದಳು. ಮುಂದಿನ ಕೋಣೆಯ ಬೆಂಚಿನ ಮೇಲೆ ಯಾತ್ರೆಯ ಕತೆ ಹೇಳುವಾಗ ನಾನು ತಲೆ ಎತ್ತಿದರೆ ಅವಳ ಮಾತು ತಡವರಿಸುತ್ತಿತ್ತು. ಅದಕ್ಕೇ ನಾನು ತಲೆ ಎತ್ತುವುದನ್ನು ಬಿಟ್ಟೆ.

ಬುಧವಾರ ಬೆಳಿಗ್ಗೆ ಬ್ಯಾಗು ಬಾಗಿಲ ಹತ್ತಿರ ಬಂದಿತ್ತು.

"ಎಲ್ಲಿಗೆ?"

"ಹುಣಸೂರಲ್ಲಿ ಒಬ್ರು ಕೇಟರಿಂಗ್ ಮಾಡ್ತಾರೆ. ನೋಡ್ತೀನಿ."

"ಇರು ಅಂದಿದ್ನಲ್ಲ."

"ಇದ್ದೆ ಬುಡು" ಎಂದಳು. ಕುಂಟುತ್ತಲೇ ಬಸ್ ಸ್ಟ್ಯಾಂಡಿನ ತನಕ ಹೋದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಟಾಗ ಕೈ ಬೀಸಿದಳೋ ಕೂದಲು ಸರಿಮಾಡಿಕೊಂಡಳೋ ನನಗೆ ತಿಳಿಯಲಿಲ್ಲ.

ಆಮೇಲೆ ನನಗೆ ಫೋನು ಬರಲಿಲ್ಲ. ನಾನೇ ಮೂರು ಸಲ ಮಾಡಿದೆ. ಎರಡು ಸಲ ಎತ್ತಲಿಲ್ಲ, ಒಂದು ಸಲ "ಕೆಲ್ಸದಲ್ಲಿದ್ದೀನಿ ಕಣಮ್ಮಿ" ಎಂದಳು. ಅವಳ ಮೇಲೆ ಕೋಪವಿದೆಯೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಅವಳು ನಿಜ ಹೇಳಿದ್ದು ನನ್ನೊಬ್ಬಳ ಹತ್ತಿರ, ಅದಕ್ಕಾಗಿ ದೂರವಾಗಿದ್ದೂ ನನ್ನೊಬ್ಬಳಿಂದಲೇ. ಅಂದು ಮೇಲಿನಿಂದ ಅವರಿಬ್ಬರು ಇನ್ನೂ ಒಂದು ಗಂಟೆ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೋ ಎಂದು ಮಾತ್ರ ಯೋಚಿಸುತ್ತೇನೆ.

ಹೋದ ತಿಂಗಳು ಬೇಕರಿಯವಳು ರವಿಕೆ ಬಟ್ಟೆ ತಂದಳು. ಮೊಬೈಲು ತೆಗೆದು ಒಂದು ಫೋಟೋ ತೋರಿಸಿದಳು. ಯಾತ್ರೆಯ ಬಸ್ಸಿನವರು ಮತ್ತೆ ಕರೆದಿದ್ದರಂತೆ. ನನ್ನ ನೆಂಟಳು ಕೆಂಪು ಸ್ವೆಟರು ಹಾಕಿಕೊಂಡು ನಿಂತಿದ್ದಳು, ಹಿಂದೆ ಹಿಮದ ಬೆಟ್ಟ. ತುಸು ಬಡವಾಗಿದ್ದಳು.

"ನಿನಗೂ ಕಳ್ಸಿರ್ತಾಳಲ್ಲ?"

"ಇಲ್ಲ" ಎಂದೆ.

ಆ ಬೆಟ್ಟ ಹತ್ತಿದಳೋ, ಬುಡದಲ್ಲೇ ನಿಂತು ತೆಗೆಸಿಕೊಂಡಳೋ ಫೋಟೋದಲ್ಲಿ ಗೊತ್ತಾಗುತ್ತಿರಲಿಲ್ಲ. ಹತ್ತಿಯೇ ಇರಲಿ ಎಂದುಕೊಂಡು ಫೋನನ್ನು ವಾಪಸ್ಸು ಕೊಟ್ಟು, ತೋಳು ಎಷ್ಟುದ್ದ ಇಡಬೇಕೆಂದು ಬೇಕರಿಯವಳನ್ನು ಕೇಳಿದೆ.