ಮಿರ್ದಿಫ್‌ನಲ್ಲಿ ಹಾರಲು ಹೊರಟ ಹಾಕಿ ತಂಡ

ಒಂದು ಇಡೀ ಹಾಕಿ ತಂಡ ನನ್ನ ಭಾವನನ್ನು ಹೊತ್ತುಕೊಂಡು ಹಾರಲು ಹೊರಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳತೊಡಗಿದರೆ ನಗು ಉಕ್ಕುತ್ತದೆ. ಅರ್ಧ ಹೇಳುವಷ್ಟರಲ್ಲಿ ಅಂಗೈ ಬೆವರುತ್ತದೆ.

ಆಟಗಾರರೆಲ್ಲ ಬಟ್ಟೆಯ ಮೇಲಿನವರು. ದುಬೈಯಲ್ಲಿರುವ ನಮ್ಮ ಕರಾವಳಿಯವರ ಕ್ರೀಡಾಕೂಟಕ್ಕೆ, ವೇದಿಕೆಯ ಹಿಂದೆ ಕಟ್ಟಲೆಂದು ಅಕ್ಕನ ಅತ್ತೆ ಬರೆದ ಪರದೆ ಅದು. ಉಡುಪಿಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ಅವರು ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅವರ ಅಪ್ಪ ಮಂಗಳೂರಿನ ಕಾಲೇಜೊಂದರಲ್ಲಿ ಓದಿದವರು. ಹಾಕಿ ತಂಡದ ಗೋಲ್‌ಕೀಪರ್. ಕಾಲೇಜು ನಾಟಕಕ್ಕೆ ಪರದೆ ಬರೆಯುವವರೂ ಅವರೇ. ಮಧ್ಯಾಹ್ನ ಅರಮನೆಯ ಕಂಬಗಳಿಗೆ ಬಣ್ಣ ಬಳಿದು, ಕೈ ತೊಳೆಯದೆ ಮೈದಾನಕ್ಕೆ ಓಡುತ್ತಿದ್ದರಂತೆ. ಗಣಿತದಲ್ಲಿ ಮಾತ್ರ, ಅತ್ತೆಯ ಮಾತಿನಲ್ಲಿ, "ಎರಡು ಗೋಲು ಬಿಟ್ಟರು". ಎಂದರೆ ಎರಡು ಸಲ ಫೇಲು.

ಮಸುಕಾದ ಗ್ರೂಪ್ ಫೋಟೋ ನೋಡಿಕೊಂಡು ಅತ್ತೆ ಆ ತಂಡವನ್ನು ಮುಸಫ್ಫಾದ ಕೈಗಾರಿಕಾ ಪ್ರದೇಶದಲ್ಲಿದ್ದ ಭಾವನ ವರ್ಕ್‌ಶಾಪಿನ ನೆಲದಲ್ಲಿ ಬಟ್ಟೆ ಹರಡಿ ಬರೆದರು. ಹಿಂದೆ ಬರಿಗಾಲಲ್ಲಿ ನಿಂತ ಹುಡುಗರು, ನಡುವೆ ಕೋಟು ತೊಟ್ಟ ಪ್ರಿನ್ಸಿಪಾಲರು, ಎದುರಿಗೆ ನೆಲದಲ್ಲಿ ಕೂತವರ ಸಾಲಿನಲ್ಲಿ ಪ್ಯಾಡು ಕಟ್ಟಿದ ಅತ್ತೆಯ ಅಪ್ಪ. ಜೆರ್ಸಿಯ ಬಣ್ಣ ಬಲ್ಲವರು ಯಾರೂ ಉಳಿದಿರಲಿಲ್ಲ. ಅತ್ತೆ ಕುಂಕುಮದ ಕೆಂಪು ಕೊಟ್ಟರು.

"ಅಮ್ಮಾ, ನಾಲ್ಕು ಕಡೆ ಸೀಳು ಹಾಕುವ," ಎಂದರು ಭಾವ. "ಗಾಳಿ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ದೋಣಿಯ ಹಾಯಿ ಆಗ್ತದೆ ಇದು."

"ಎಲ್ಲಿ ಸೀಳುದು? ಪ್ರಿನ್ಸಿಪಾಲರ ಹೊಟ್ಟೆಗಾ, ನಿನ್ನ ಅಜ್ಜನ ಎದೆಗಾ?"

ಭಾವ ಸೋತರು. "ಆಯ್ತು ಮಾರಾಯ್ತಿ. ಅಜ್ಜ ಗೋಲ್‌ಕೀಪರ್ ಅಲ್ವಾ, ಗಾಳಿಯನ್ನೂ ಅವರೇ ಹಿಡೀಲಿ."

ಕ್ರೀಡಾಕೂಟದ ದಿನ ಬೆಳಿಗ್ಗೆ ಮಿರ್ದಿಫ್‌ನ ಮೈದಾನದಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಎರಡಾಳೆತ್ತರದ ಪೈಪಿನ ಚೌಕಟ್ಟಿಗೆ ಪರದೆ ಬಿಗಿದು, ಬುಡಕ್ಕೆ ಮರಳಿನ ಚೀಲ ಇಟ್ಟಿದ್ದೆವು. ಭಾವ ಏಣಿ ಹತ್ತಿ ಕೊನೆಯ ಮೂಲೆ ಕಟ್ಟುತ್ತಿದ್ದರು. ಏಣಿ ಹಿಡಿದವಳು ನಾನು.

ಗಾಳಿ ಒಮ್ಮೆಲೇ ಬಂತು. ಹುಡುಗರ ಎದೆಗಳೆಲ್ಲ ಉಬ್ಬಿದವು, ಪ್ರಿನ್ಸಿಪಾಲರಿಗೆ ಬಸುರು ಬಂದಂತಾಯಿತು. ನಾನು ನಕ್ಕೆ. ಮರುಕ್ಷಣ ಏಣಿ ನನ್ನ ಕೈಯಿಂದ ಜಾರಿ ಬಿತ್ತು. ಚೌಕಟ್ಟು ಹಿಂದಕ್ಕೆ ವಾಲಿತು. ಮೇಲಿನ ಪೈಪಿಗೆ ಜೋತುಬಿದ್ದ ಭಾವನ ಕಾಲುಗಳು ಗಾಳಿಯಲ್ಲಿ ಸೈಕಲ್ ತುಳಿಯುತ್ತಿದ್ದವು. ಹಿಂದೆ ಪ್ರೇಕ್ಷಕರು ಕೂರುವ ಕಾಂಕ್ರೀಟಿನ ಮೆಟ್ಟಿಲು. ಹಗ್ಗ ಹಿಡಿದು ಎಳೆದವರೆಲ್ಲ ಮರಳಿನ ಚೀಲಗಳ ಜೊತೆಗೇ ಜಾರಿದರು.

"ಕೈ ಬಿಡ್ಬೇಡ ಮಗಾ!"

ಹಾಗೆ ಕೂಗುತ್ತಲೇ ಅತ್ತೆ ಹಗ್ಗ ಕತ್ತರಿಸುವ ಕಟರ್ ಎತ್ತಿಕೊಂಡು ಓಡಿದ್ದು ಕಂಡಿತು. ಮೊದಲು ಕೈಗೆಟುಕಿದ್ದು ಪರದೆಯಲ್ಲಿ ನೆಲಕ್ಕೆ ಕೂತ ಅವರ ಅಪ್ಪನೇ. ಭುಜದಿಂದ ಪ್ಯಾಡಿನವರೆಗೆ ಒಂದೇ ಏಟಿಗೆ ಸೀಳಿದರು. ಆಮೇಲೆ ಪಕ್ಕದವನನ್ನು, ಅವನಾಚೆಯವನನ್ನು. ಶಿಳ್ಳೆ ಹೊಡೆದಂತೆ ಗಾಳಿ ಹೊರನುಗ್ಗಿತು, ಚೌಕಟ್ಟು ದಡಕ್ಕನೆ ನೆಟ್ಟಗಾಯಿತು. ಭಾವ ಪೈಪಿನಗುಂಟ ಜಾರಿ ನೆಲಕ್ಕೆ ಬಂದರು. ಎರಡೂ ಅಂಗೈ ಸುಲಿದಿತ್ತು, ಬೇರೇನೂ ಆಗಿರಲಿಲ್ಲ.

ನಿದ್ದೆಯಲ್ಲಿ ಆ ಏಣಿ ಈಗಲೂ ನನ್ನ ಕೈಯಿಂದ ಜಾರುತ್ತದೆ.

ಅಕ್ಕ ಓಡಿ ಬಂದವಳೇ ಗಂಡನ ಕಾಲರ್ ಹಿಡಿದಳು. "ಖಲಾಸ್! ಇನ್ನು ಏಣಿ ಹತ್ತಿ ನೋಡಿ, ಕೆಳಗಿಂದ ನಾನೇ ತಳ್ತೇನೆ!" ಬೈಗುಳ ಮುಗಿದರೂ ಕಾಲರ್ ಬಿಡಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ದಂಪತಿಗಳ ಮೂರು ಕಾಲಿನ ಓಟಕ್ಕೆ ಕರೆದರು. ಯಾರೋ ಅವರಿಬ್ಬರ ಕಾಲು ಕಟ್ಟಿಯೇಬಿಟ್ಟರು. ಅಕ್ಕ ಅಳುತ್ತ, ಕಾಲರ್ ಹಿಡಿದೇ ಓಡಿದಳು. ಭಾವ ಉಸಿರುಗಟ್ಟಿ ನಗುತ್ತ ಕುಂಟಿದರು. ಉಳಿದವರೆಲ್ಲ ಆಗಲೇ ಗೆರೆ ದಾಟಿದ್ದರು.

ಅತ್ತೆ ಚಪ್ಪಾಳೆ ತಟ್ಟಲು ಹೋಗಿ, ಕಟರ್ ಇನ್ನೂ ಕೈಯಲ್ಲೇ ಇರುವುದನ್ನು ಕಂಡು ನನ್ನತ್ತ ಚಾಚಿದರು.

"ಇದನ್ನೊಮ್ಮೆ ಹಿಡಿ ಮಾರಾಯ್ತಿ, ಬೇಗ. ನನ್ನ ಮಗ ಓಡ್ತಾ ಇದ್ದಾನೆ."