ನಾಲ್ಕು ಬೆರಳು ಕೆಳಗೆ

ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಅವಳಿಗೆ ಹಾಲು ಕೊಡಲೆಂದು ಬಲಮಗ್ಗುಲಿಗೆ ಹೊರಳಿದೆ. ಹಿಂದೆ, ಬಲಗಡೆ, ಒಳಗೆಲ್ಲೋ ಕಿತ್ತುಬಂದಂತಾಯಿತು. ಉಸಿರು ಹಿಡಿದು ಹಾಗೇ ಬಿದ್ದುಕೊಂಡೆ. ಮಗು ಅಳುತ್ತಿತ್ತು. ಅದರ ಕಡೆ ಪೂರ್ತಿ ತಿರುಗಲೂ ಆಗಲಿಲ್ಲ, ಮೊದಲಿನಂತೆ ಮಲಗಲೂ ಆಗಲಿಲ್ಲ.

ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದರು ಅತ್ತೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅವರು, ನಗರ್ತಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿರುವ ನಮ್ಮ ಯಜಮಾನರು, ನಾನು, ಮಗು, ಇಷ್ಟೇ ಜನ. ನೋವು ಹೋಗಲಿಲ್ಲ. ಜಗಲಿಯ ಮೆಟ್ಟಿಲು ಹತ್ತುವಾಗ ಎಡಗಾಲು ಮುಂದಿಟ್ಟು ಬಲಗಾಲನ್ನು ಎಳೆದುಕೊಳ್ಳತೊಡಗಿದೆ. ಈ ಮೆಟ್ಟಿಲು ಬಹಳ ಎತ್ತರ ಎಂದು ಒಂದು ದಿನ ಬಾಯಿಜಾರಿ ಅಂದದ್ದಕ್ಕೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಅತ್ತೆ ಕೆಟ್ಟವರಲ್ಲ. ಅವರ ನಾಲಿಗೆಯ ತುದಿಯಲ್ಲಿ ಸದಾ ಒಂದು ಗಾದೆ ಇರುತ್ತದೆ, ಅಷ್ಟೆ.

ಕೊನೆಗೆ ಅತ್ತೆಯೇ ನನ್ನನ್ನು ಪಕ್ಕದ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದವರು, ನಮ್ಮ ಯಜಮಾನರಿಗೆ ಚಿಕ್ಕಂದಿನಿಂದ ಔಷಧಿ ಕೊಟ್ಟವರು. ಎಲ್ಲಿ ನೋವಮ್ಮ ಎಂದು ಕೇಳಿದರು. ನನ್ನ ನೋವು ಇದ್ದದ್ದು ಪಿರ್ರೆಯ ಮೇಲ್ಭಾಗದಲ್ಲಿ. ಈ ಮಾತನ್ನು ಬರೆಯುವುದಕ್ಕೇ ಈಗ ಕೈ ಹಿಂದುಮುಂದು ನೋಡುತ್ತಿದೆ. ಅಂದು, ಅತ್ತೆ ಪಕ್ಕದಲ್ಲಿ ನಿಂತಿರುವಾಗ, ಗಂಡಸರೆದುರು ಆ ಜಾಗಕ್ಕೆ ಕೈ ಇಟ್ಟು ತೋರಿಸುವ ಧೈರ್ಯ ನನಗೆಲ್ಲಿಂದ ಬರಬೇಕು? ನಾಲ್ಕು ಬೆರಳು ಮೇಲೆ ಕೈ ಇಟ್ಟೆ.

ಸೊಂಟ ಎಂದೆ.

ಅವರು ಸೊಂಟವನ್ನೇ ನೋಡಿದರು. ಸೀರೆಯ ಮೇಲಿಂದಲೇ ಬೆನ್ನುಮೂಳೆಯನ್ನು ಒಂದೊಂದು ಕಡೆ ಒತ್ತಿದರು. ಅಂಗಾತ ಮಲಗಿಸಿ ಕಾಲನ್ನು ನೆಟ್ಟಗೆ ಮೇಲೆತ್ತಿದರು. ನೋವಿದೆಯಾ ಎಂದು ಕೇಳಿದಾಗಲೆಲ್ಲ ಇಲ್ಲ ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ, ಅವರು ಒತ್ತಿದ ಕಡೆ ನೋವಿರಲಿಲ್ಲ. ಆಮೇಲೆ ನನ್ನ ಬಲಪಾದವನ್ನು ಎಡಮಂಡಿಯ ಮೇಲಿಟ್ಟು, ಬಲಮಂಡಿಯನ್ನು ಹೊರಗಡೆಗೆ ಒತ್ತಲು ಕೈ ಹಾಕಿದರು. ಅತ್ತೆ ಕೆಮ್ಮಿದರು. ನಾನು ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಡಾಕ್ಟರು ಕೈ ತೆಗೆದುಬಿಟ್ಟರು. ಬರೀ ವಾಯು ಎಂದು ಹೇಳಿ, ತಿಕ್ಕಲು ಎಣ್ಣೆಯನ್ನೂ ಕುಡಿಯಲು ಒಂದು ಸೀಸೆ ಮಿಕ್ಸ್ಚರನ್ನೂ ಕೊಟ್ಟು ಕಳಿಸಿದರು.

ಅವರನ್ನು ದೂರಿ ಏನು ಬಂತು? ಹಿತ್ತಲಲ್ಲಿ ಕಳೆದ ಚೊಂಬನ್ನು ಅಡುಗೆಮನೆಯಲ್ಲಿ ಹುಡುಕಿ ಎಂದು ಕಳಿಸಿದವಳು ನಾನು.

ಎರಡು ತಿಂಗಳು ಅತ್ತೆ ದಿನಾ ಎಣ್ಣೆ ತಿಕ್ಕಿದರು. ಸೊಂಟಕ್ಕೆ. ಸ್ವಲ್ಪ ಕೆಳಗೆ ತಿಕ್ಕಿ ಎನ್ನಲು ಅವರೆದುರಿಗೂ ನನಗೆ ಬಾಯಿ ಬರಲಿಲ್ಲ. ನಾಚಿಕೆ ಎಂಬುದು ಎಷ್ಟು ದೊಡ್ಡ ಕಾಯಿಲೆ ಎಂದು ಈಗ ಯೋಚಿಸುತ್ತೇನೆ. ಅದಕ್ಕೆ ಯಾವ ಡಾಕ್ಟರೂ ಔಷಧಿ ಬರೆಯುವುದಿಲ್ಲ, ಅದು ಇಲ್ಲದವಳನ್ನೇ ಊರು ಕಾಯಿಲೆಯವಳ ಹಾಗೆ ನೋಡುತ್ತದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ರವಿಕೆಗಳೆಲ್ಲ ಸಡಿಲವಾದವು. ಮಗುವನ್ನು ಎತ್ತಿಕೊಂಡು ನಿಲ್ಲುವುದು ದಿನದಿನಕ್ಕೆ ಕಷ್ಟವಾಗುತ್ತಿದ್ದರೂ, ಅದೊಂದನ್ನು ಮಾತ್ರ ಬಿಡಲಾರೆ ಎಂದು ಹಲ್ಲುಕಚ್ಚಿ ಎತ್ತಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಮಗು ನನ್ನ ಕೈಯಿಂದ ಜಾರಿತು.

ತೊಟ್ಟಿಲಿನಿಂದ ಎತ್ತಿಕೊಂಡು ತಿರುಗುವಾಗ ಬಲಗಾಲು ನನ್ನದೇ ಅಲ್ಲವೆಂಬಂತೆ ಕುಸಿಯಿತು. ಕೆಳಗೆ ಮಡಿಸಿಟ್ಟ ಕಂಬಳಿಗಳ ರಾಶಿಯಿತ್ತು, ಮಗುವಿಗೆ ಏನೂ ಆಗಲಿಲ್ಲ. ಅತ್ತೆ ಓಡಿಬಂದು ಅವಳನ್ನು ಎತ್ತಿಕೊಂಡರು. ಬೈಯಲಿಲ್ಲ. ಗಾದೆಯನ್ನೂ ಹೇಳಲಿಲ್ಲ.

“ಇನ್ಮೇಲೆ ನೀನು ಮಗೂನ ಎತ್ಕೋಬೇಡ ಕಣೇ” ಎಂದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೆಲದ ಮೇಲೆ ಕೂತು ಅವರ ಹೆಗಲ ಮೇಲಿನ ನನ್ನ ಮಗುವನ್ನು ನೋಡುತ್ತಿದ್ದೆ. ಎದ್ದುಹೋಗಿ ಕಿತ್ತುಕೊಳ್ಳಲು ಕಾಲೇ ಇರಲಿಲ್ಲ.

ಮರುದಿನ ಯಜಮಾನರು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಜಟಕಾ ಮಾಡಿಸಿ, ನನ್ನನ್ನೂ ಅತ್ತೆಯನ್ನೂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಲೇಡಿ ಡಾಕ್ಟರೊಬ್ಬರಿದ್ದರು. ಮೊದಲ ಕೆಲಸವಾಗಿ ಅತ್ತೆಯನ್ನು ಪರದೆಯಾಚೆ ಕಳಿಸಿದರು. ಒಂದೇ ಬೆರಳಿನಿಂದ ನೋವಿನ ಜಾಗ ತೋರಿಸು ಎಂದರು. ನಾನು ರೂಢಿಯಂತೆ ಸೊಂಟ ತೋರಿಸಿದೆ. ಅವರು ಸುಮ್ಮನೆ ಕಾದರು. ಆಮೇಲೆ, ಬಹಳ ಮೆತ್ತಗೆ, ನಿಜವಾಗಿ ಎಲ್ಲಿ ಹೇಳಮ್ಮ ಎಂದರು. ನನ್ನ ಬೆರಳು ತಾನಾಗಿ ಕೆಳಗಿಳಿಯಿತು. ಅಲ್ಲಿ ಅವರು ಹೆಬ್ಬೆರಳು ಇಟ್ಟು ಒತ್ತಿದರು.

ಕೂಗಿದೆ.

“ಕೂಗಮ್ಮ, ಅಡ್ಡಿಯಿಲ್ಲ. ನಾನು ಹುಡುಕ್ತಿರೋದು ಅದನ್ನೇ” ಎಂದರು.

ಆ ಪಾದ ಮಂಡಿಯ ಮೇಲಿಡುವ ಪರೀಕ್ಷೆಯನ್ನು ಅವರು ಪೂರ್ತಿ ಮಾಡಿದರು. ಒಂದು ಕೈಯಿಂದ ನನ್ನ ಎಡಸೊಂಟವನ್ನು ಅದುಮಿ ಹಿಡಿದು, ಇನ್ನೊಂದರಿಂದ ಬಲಮಂಡಿಯನ್ನು ಕೆಳಗೊತ್ತಿದರು. ಮಗ್ಗುಲಾಗಿ ಮಲಗಿಸಿ ಸೊಂಟದ ಎಲುಬಿನ ಮೇಲೆ ಎರಡೂ ಕೈಯಿಟ್ಟು ಭಾರ ಹಾಕಿದರು. ಕೊನೆಗೆ ಮೇಜಿನ ಅಂಚಿಗೆ ಸರಿಸಿ, ಎಡಮಂಡಿಯನ್ನು ಎದೆಗೆ ಅವುಚಿಕೊಳ್ಳಲು ಹೇಳಿ, ಬಲಗಾಲನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು ಒತ್ತಿದರು. ಹೆರಿಗೆಯಲ್ಲೂ ನಾನು ಅಷ್ಟು ಕೂಗಿರಲಿಲ್ಲ. ಬೆನ್ನುಮೂಳೆಯ ಬುಡ ಸೊಂಟದ ಎಲುಬಿಗೆ ಸೇರುವಲ್ಲಿ ಒಂದು ಕೀಲಿದೆಯಂತೆ. ಒಂದು ಪರೀಕ್ಷೆಯ ಮಾತನ್ನು ನಂಬುವಂತಿಲ್ಲವಂತೆ, ಬೇರೆಬೇರೆ ರೀತಿಯಲ್ಲಿ ಅಲುಗಿಸಿದರೂ ಅದೇ ಕೀಲು ನೊಂದರೆ ಆಗ ಅನುಮಾನ ಗಟ್ಟಿಯಾಗುತ್ತದಂತೆ. ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆಯಾಯಿತು. ಮೂರು ದಿನದ ಮೇಲೆ ಕರೆಸಿದರು.

ಮೂಳೆಯ ಟಿ.ಬಿ.

ಎರಡು ತಿಂಗಳು ಮೊದಲೇ ಬಂದಿದ್ದರೆ, ಎಂದು ಶುರುಮಾಡಿದ ಲೇಡಿ ಡಾಕ್ಟರು ನನ್ನ ಮುಖ ನೋಡಿ ನಿಲ್ಲಿಸಿದರು. ಹೊರಗೆ ಅತ್ತೆ ಬೆಂಚಿನ ಮೇಲೆ ಕೂತರು. ಆಮೇಲೆ ಗೋಡೆಯ ಕಡೆ ನೋಡುತ್ತಾ, “ಅವತ್ತು ನಾನು ಕೆಮ್ಮಬಾರದಿತ್ತು” ಎಂದರು. ನಾನೂ ಬಾಯಿಬಿಟ್ಟು ಹೇಳಬಹುದಿತ್ತು ಎನ್ನಬೇಕೆಂದುಕೊಂಡೆ. ಆಗಲೂ ಹೇಳಲಿಲ್ಲ.

ಪಕ್ಕೆಲುಬಿನಿಂದ ಮಂಡಿಯವರೆಗೆ ಪ್ಲಾಸ್ಟರ್ ಹಾಕಿದರು. ದಿನಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಮಗುವಿಗೆ ಹಾಲು ಬಿಡಿಸಬೇಕೆಂದರು, ವಾರ್ಡಿಗೆ ಮಗುವನ್ನು ತರುವಂತಿಲ್ಲವೆಂದರು. ಅದು ಎದೆಗೆ ಗೊತ್ತಿರಲಿಲ್ಲ. ಹಾಲು ತುಂಬಿ ಸೋರಿ ಪ್ಲಾಸ್ಟರಿನ ಅಂಚು ನೆನೆಯುತ್ತಿತ್ತು. ನರ್ಸ್ ಬಟ್ಟೆಯಿಂದ ಬಿಗಿದು ಕಟ್ಟುತ್ತಿದ್ದಳು. ಹೊರಳಲಾರೆ, ಏಳಲಾರೆ, ಸೂರಿನ ಹೆಂಚುಗಳನ್ನು ನೋಡುವುದೊಂದೇ ಕೆಲಸ. ಸಂಜೆ ಯಜಮಾನರು ಬಂದು ಸುದ್ದಿ ಹೇಳುತ್ತಿದ್ದರು. ಹಲ್ಲು ಬಂತು. ಅಂಬೆಗಾಲಿಟ್ಟಳು. ಹಿಡಿದುಕೊಂಡು ನಿಲ್ಲುತ್ತಾಳೆ. ಒಂದು ದಿನ, ಅಮ್ಮ ಅಂತಾಳೆ ಎಂದರು.

ಯಾರಿಗೆ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಆರು ತಿಂಗಳ ಮೇಲೆ ಪ್ಲಾಸ್ಟರ್ ಕತ್ತರಿಸಿದರು. ಕೀಲಿನ ಎಲುಬುಗಳು ಒಂದಕ್ಕೊಂದು ಕೂಡಿಕೊಂಡಿವೆ, ಈ ಕಾಯಿಲೆ ವಾಸಿಯಾಗುವುದೆಂದರೆ ಅದೇ ಎಂದರು ಲೇಡಿ ಡಾಕ್ಟರು. ಸ್ವಲ್ಪ ಕುಂಟು ಉಳಿಯಬಹುದು. ಒಂದು ವರ್ಷ ನೆಲದ ಮೇಲೆ ಕೂರುವಂತಿಲ್ಲ. ಬದುಕಿದೆನಲ್ಲ ಎಂದು ಶಿವನಿಗೆ ಕೈಮುಗಿದೆ. ಕೈಮುಗಿಯುವಾಗಲೇ, ಅವಳು ನನ್ನನ್ನು ಗುರುತಿಸದಿದ್ದರೆ ಎಂಬ ಹೆದರಿಕೆಯೂ ಇತ್ತು.

ನಮ್ಮ ಮನೆಯಲ್ಲಿ ಹಿರಿಯರೆದುರು ಹೆಂಗಸರು ಕುರ್ಚಿಯ ಮೇಲೆ ಕೂರುವುದಿಲ್ಲ. ನಾನು ಬಂದ ದಿನ ಅತ್ತೆಯೇ ಹೊರಗಿನ ಕುರ್ಚಿಯನ್ನು ಅಡುಗೆಮನೆಗೆ ಎಳೆತಂದರು. ನಾನು ಅನುಮಾನಿಸುತ್ತಾ ನಿಂತಿದ್ದಾಗ ತೋಳು ಹಿಡಿದು ಕೂರಿಸಿದರು. ಆಮೇಲೆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಬಿಟ್ಟರು.

ಮಗಳು ನನ್ನ ಮುಖ ನೋಡಿದಳು. ತುಟಿ ನಡುಗಿತು. ಅತ್ತೆಯ ಕಡೆ ಎರಡೂ ಕೈ ಚಾಚಿ, ಅಮ್ಮ ಎಂದು ಅಳತೊಡಗಿದಳು. ಅತ್ತೆಯ ಕೈಗಳು ತಾವಾಗಿ ಮೇಲೆದ್ದವು. ಅವರು ಅವನ್ನು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತರು.

ಬಹಳ ಹೊತ್ತು ಅತ್ತಳು. ನಾನು ಬೇರೆಯವರ ಮಗುವನ್ನು ಸಮಾಧಾನ ಮಾಡುವವಳಂತೆ ಹೆದರುತ್ತಾ ಬೆನ್ನು ತಟ್ಟುತ್ತಿದ್ದೆ. ಅಳು ಬಿಕ್ಕಾಯಿತು, ತಲೆ ನನ್ನ ಹೆಗಲಿಗೆ ಬಂತು. ಅವಳು ನಿದ್ದೆ ಹೋಗುವವರೆಗೂ ಅತ್ತೆ ಒಳಗೆ ಬರಲಿಲ್ಲ.