ಮಾರ್ಲಿಸ್ ಬರೆಯದೆ ಬಿಟ್ಟಿದ್ದ ಸುದ್ದಿ

ಅಮೆರಿಕದ ಮಿನೆಸೋಟದ ಒಂದು ಸಣ್ಣ ಕಾಲೇಜಿನಲ್ಲಿ 1972ರಲ್ಲಿ ಓದು ಮುಗಿಸಿದವರ ಪೈಕಿ ಯಾರ ಮಗಳ ಮದುವೆಯಾಯಿತು, ಯಾರಿಗೆ ಮಂಡಿ ಆಪರೇಷನ್ ಆಯಿತು, ಯಾರು ಕೆಲಸ ಬಿಟ್ಟು ಅರಿಜೋನಾದ ಬಿಸಿಲಿಗೆ ಹೋದರು ಅನ್ನುವುದೆಲ್ಲ ಮಾರ್ಲಿಸ್ ಎಂಗೆನ್‌ಗೆ ಗೊತ್ತಿತ್ತು. ಕಾಲೇಜಿನ ಪತ್ರಿಕೆಯಲ್ಲಿ ಸಹಪಾಠಿಗಳ ಸುದ್ದಿ ಬರೆಯುತ್ತಿದ್ದವಳು ಅವಳೇ. ಬೇರೆ ಯಾರೂ ಮುಂದೆ ಬರಲಿಲ್ಲವೆಂದು ಒಪ್ಪಿಕೊಂಡದ್ದು. ಆಮೇಲೆ ಅದನ್ನು ಅವಳಿಂದ ಯಾರೂ ಕೇಳಿ ತೆಗೆದುಕೊಳ್ಳಲೂ ಇಲ್ಲ. ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಮೇಲೂ ಅದು ಅವಳ ಕೊರಳಲ್ಲೇ ಉಳಿಯಿತು. ಬೇಸರವೇನಿರಲಿಲ್ಲ. ಜನರ ಸುದ್ದಿಯೆಂದರೆ ಅವಳಿಗೆ ಮೊದಲಿಂದಲೂ ಪ್ರೀತಿ.

ಗಂಡ ಗೋರ್ಡನ್ ಕೂಡ ಅದೇ ತರಗತಿಯವನು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನಿಗೆ ನಿವೃತ್ತಿಯ ಹೊತ್ತಿಗೇ ಮರೆವು ಶುರುವಾಯಿತು. ಮೊದಲು ಕಾರಿನ ಕೀಲಿ ಮರೆತ, ಆಮೇಲೆ ಮನೆಯ ದಾರಿ, ಆಮೇಲೆ ಹೆಂಡತಿಯ ಹೆಸರು. ಈಗೀಗ ಅವಳನ್ನು ತನ್ನ ಅಕ್ಕ ಅಂದುಕೊಂಡಿದ್ದ. ಪತ್ರಿಕೆಯಲ್ಲಿ ಮಾತ್ರ ಅವಳು ಪ್ರತಿ ಸಲವೂ "ಗೋರ್ಡನ್, ನಾನು ಇಬ್ಬರೂ ಕ್ಷೇಮ" ಎಂದೇ ಬರೆಯುತ್ತಿದ್ದಳು. ನ್ಯಾಯಾಧೀಶರಾದವರ, ಮೊಮ್ಮಕ್ಕಳ ಜೊತೆ ನಾರ್ವೆ ಸುತ್ತಿ ಬಂದವರ ಸುದ್ದಿಯ ಪಕ್ಕದಲ್ಲಿ ಇದನ್ನು ಎಲ್ಲಿ ಕೂರಿಸುವುದು ಎಂಬ ಸಂಕೋಚ.

ಐವತ್ತನೇ ವರ್ಷದ ಕೂಟ ಹತ್ತಿರ ಬಂತು. ಇಷ್ಟು ಕಾಲ ಒಂದು ಸಾಲೂ ಕಳಿಸದವರಿಗೆ ಮಾರ್ಲಿಸ್ ತಾನೇ ಫೋನು ಮಾಡತೊಡಗಿದಳು. ಅವರಲ್ಲೊಬ್ಬ ಲೈಲ್ ಬ್ರಾಟನ್, ಹಾಸ್ಟೆಲಿನಲ್ಲಿ ಗೋರ್ಡನ್‌ನ ಕೋಣೆಯಲ್ಲೇ ಇದ್ದವನು. ಮೂರನೇ ವರ್ಷದಲ್ಲಿ ಅವನ ಅಪ್ಪ ಟ್ರ್ಯಾಕ್ಟರ್ ಮಗುಚಿ ಸೊಂಟ ಮುರಿದುಕೊಂಡಾಗ ಊರಿಗೆ ಹೋದವನು ಮತ್ತೆ ಬರಲೇ ಇಲ್ಲ.

"ನಾನು ಡಿಗ್ರಿನೇ ಮುಗಿಸಿಲ್ವಲ್ಲ ಮಾರ್ಲಿಸ್. ನಿಮ್ಮ ಗುಂಪಲ್ಲಿ ನಾನೆಲ್ಲಿ ಬರ್ತೀನಿ?" ಅಂದ ಲೈಲ್.

"ಕಾಲೇಜಿನವರು ನಿನ್ನ ಹತ್ರ ದೇಣಿಗೆ ಕೇಳ್ತಾರೋ ಇಲ್ವೋ?"

"ಅದೊಂದನ್ನ ಮರೆಯಲ್ಲ ಅವರು."

"ಹಾಗಾದ್ರೆ ನೀನು ನಮ್ಮವನೇ. ಹೇಳು, ಏನ್ ಮಾಡ್ಕೊಂಡಿದ್ದೆ ಇಷ್ಟು ದಿನ?"

ಅವನು ನಕ್ಕ. ಮನೆಗಳ ಹೀಟರ್ ರಿಪೇರಿ ಮಾಡಿಕೊಂಡು ಬದುಕಿದ್ದ. ಹೆಂಡತಿ ಬಿಟ್ಟುಹೋಗಿದ್ದಳು. ಡುಲೂತ್‌ನಲ್ಲಿರುವ ಮಗಳು ಬಹಳ ಕಾಲ ಮಾತು ಬಿಟ್ಟು ಈಗ ಮತ್ತೆ ಮಾತಾಡಿಸುತ್ತಿದ್ದಳು. "ಅಚ್ಚು ಹಾಕೋವಂಥದ್ದೇನಿಲ್ಲ ಬಿಡು," ಅಂದ. "ಗೋರ್ಡನ್ ಹೇಗಿದಾನೆ? ಪ್ರತಿ ಸಲ ಕ್ಷೇಮ ಅಂತ ಓದ್ತೀನಿ."

ಪಕ್ಕದ ಕೋಣೆಯಿಂದ ಗೋರ್ಡನ್ "ಅಕ್ಕಾ, ಅಮ್ಮ ಇನ್ನೂ ಬಂದಿಲ್ವಾ?" ಎಂದು ಕೂಗಿದ. ಚೆನ್ನಾಗಿದ್ದಾನೆ ಅನ್ನಲು ಮಾರ್ಲಿಸ್‌ಗೆ ನಾಲಿಗೆ ಏಳಲಿಲ್ಲ.

"ಇಲ್ಲ ಲೈಲ್, ಚೆನ್ನಾಗಿಲ್ಲ," ಎಂದವಳು ಒಂದೊಂದಾಗಿ ಎಲ್ಲ ಹೇಳಿದಳು. ಲೈಲ್ ಕೊನೆಯವರೆಗೂ ಕೇಳಿಸಿಕೊಂಡ.

"ಶನಿವಾರ ಬರ್ಲಾ?"

"ಅವನಿಗೆ ನಿನ್ನ ಗುರುತು ಸಿಗಲ್ಲ ಕಣೋ."

"ಸಿಗದಿದ್ರೆ ಹೋಗ್ಲಿ. ಕಾಫಿನಾದ್ರೂ ಕೊಡ್ತೀಯ ತಾನೆ?"

ಶನಿವಾರ ಹಿಮದಲ್ಲೇ ಗಾಡಿ ಓಡಿಸಿಕೊಂಡು ಬಂದ. ಬಾಗಿಲು ತೆಗೆದವನು ಗೋರ್ಡನ್. ಬಂದವನ ಕೊಳಕು ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿ, "ಬೆಳಿಗ್ಗೆನೇ ಬರ್ತೀನಿ ಅಂದೋನು ಈಗ ಬರ್ತಿದೀಯಾ? ಮನೆಯೆಲ್ಲ ತಣ್ಣಗೆ ಕೊರೀತಿದೆ," ಎಂದು ಗದರಿದ. ಮಾರ್ಲಿಸ್ ನಾಚಿ ಏನೋ ಹೇಳಹೊರಟಳು. ಲೈಲ್ ಬೇಡವೆಂದು ಕೈಸನ್ನೆ ಮಾಡಿದ.

"ತಪ್ಪಾಯ್ತು ಸ್ವಾಮಿ, ರಸ್ತೆ ಹಾಗಿದೆ. ಹೀಟರ್ ಎಲ್ಲಿದೆ ತೋರ್ಸಿ."

ಇಬ್ಬರೂ ನೆಲಮಾಳಿಗೆಗೆ ಇಳಿದರು. ಮಾರ್ಲಿಸ್ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಳು. ಗೋರ್ಡನ್ ಟಾರ್ಚು ಹಿಡಿದಿದ್ದ.

"ಅದಲ್ಲಯ್ಯಾ, ಆ ಸ್ಕ್ರೂ ಅಲ್ಲ. ನಿನಗೆ ಯಾರು ಈ ಕೆಲಸ ಕಲಿಸಿದ್ದು?"

"ಯಾರೂ ಕಲಿಸಿಲ್ಲ ಸ್ವಾಮಿ. ನನ್ನ ರೂಮಲ್ಲೊಬ್ಬ ಗಣಿತದವನಿದ್ದ, ಅವನು ಕಲಿಸೋಕೆ ಬಂದಿದ್ದೊಂದೂ ತಲೆಗೆ ಹತ್ಲಿಲ್ಲ."

ಗೋರ್ಡನ್ ನಕ್ಕುಬಿಟ್ಟ. ಮಾರ್ಲಿಸ್ ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಈಗೀಗ ಎಲ್ಲರೂ ಅವನಿಗೆ ಹೇಳುವವರೇ ಆಗಿದ್ದರು. ಅವನು ಹೇಳಿದಂತೆ ಕೇಳುವವರು ಯಾರೂ ಉಳಿದಿರಲಿಲ್ಲ.

ಊಟ ಮುಗಿಸಿ ಗೋರ್ಡನ್ ಕುರ್ಚಿಯಲ್ಲೇ ತೂಕಡಿಸಿದ. ಲೈಲ್ ತಟ್ಟೆ ಬದಿಗಿಟ್ಟು, "ನನ್ನ ಸುದ್ದಿ ಹಾಕೋದಾದ್ರೆ ಹಾಕು. ಆದ್ರೆ ಇವನದ್ದೂ ಹಾಕ್ಬೇಕು, ನಿಜವಾದ್ದು," ಅಂದ.

ಮಾರ್ಲಿಸ್ ಹಾಕಿದಳು. ಗೋರ್ಡನ್‌ಗೆ ಮರೆವಿನ ಕಾಯಿಲೆ, ನನ್ನನ್ನು ಅಕ್ಕ ಎಂದು ಕರೆಯುತ್ತಾನೆ, ಲೈಲ್ ಬ್ರಾಟನ್ ಪ್ರತಿ ಶನಿವಾರ ಬಂದು ನಮ್ಮ ಹೀಟರ್ ನೋಡಿಕೊಂಡು ಹೋಗುತ್ತಾನೆ ಎಂದಷ್ಟೇ. ಪತ್ರಿಕೆ ಕೈಸೇರಿದ ವಾರ ಫೋನಿಗೆ ಬಿಡುವೇ ಇರಲಿಲ್ಲ. ಸದಾ ಮೊಮ್ಮಕ್ಕಳ ಬಹುಮಾನದ ಸುದ್ದಿ ಕಳಿಸುತ್ತಿದ್ದ ಕೊಲೀನ್, ಮಗ ಕುಡಿತ ಬಿಡಲು ಮೂರನೇ ಸಲ ಆಸ್ಪತ್ರೆ ಸೇರಿದ್ದನ್ನು ಹೇಳಿ ಅತ್ತಳು. "ಇದನ್ನ ಹಾಕ್ಬೇಡ, ಆಯ್ತಾ? ನಿನ್ನ ಹತ್ರ ಹೇಳ್ಬೇಕು ಅನ್ನಿಸ್ತು, ಅಷ್ಟೆ," ಅಂದಳು. ಮಾರ್ಲಿಸ್ ಹಾಕಲಿಲ್ಲ. ಆದರೆ ಅವರಿಬ್ಬರೂ ಅಂದಿನಿಂದ ಭಾನುವಾರಗಳಲ್ಲಿ ಮಾತಾಡುತ್ತಿದ್ದರು.

ಲೈಲ್‌ನ ಭೇಟಿಗಳೆಲ್ಲ ಸುಖವಾಗಿ ನಡೆದವೆಂದೇನಲ್ಲ. ಒಮ್ಮೆ ಗೋರ್ಡನ್ ಅವನನ್ನು ಕಳ್ಳನೆಂದು ಊರುಗೋಲೆತ್ತಿ ಅಂಗಳಕ್ಕೆ ಓಡಿಸಿದ. ಮುಂದಿನ ವಾರ ಲೈಲ್ ಮತ್ತೆ ಬಂದ.

ಜೂನಿನಲ್ಲಿ ಕೂಟ. ಮಾರ್ಲಿಸ್ ಹೋಗುವ ಆಸೆಯನ್ನೇ ಬಿಟ್ಟಿದ್ದಳು. ಗೋರ್ಡನ್‌ನನ್ನು ನೋಡಿಕೊಳ್ಳಲು ಲೈಲ್ ಬೆಳಿಗ್ಗೆಯೇ ಬಂದ.

"ನೀನೂ ಬರ್ಬೇಕಿತ್ತು," ಅಂದಳು.

"ಆ ಟೈ ಕಟ್ಕೊಂಡೋರ ಮಧ್ಯೆ ನಂಗೇನು ಕೆಲಸ? ಇಲ್ಲಿ ನಂಗೆ ಯಜಮಾನ ಇದಾನೆ. ಹೊರಡು."

ಕೂಟದಲ್ಲಿ ಯಾರೂ ಗೋರ್ಡನ್ ಕ್ಷೇಮವೇ ಎಂದು ಕೇಳಲಿಲ್ಲ. ಈಗ ರಾತ್ರಿ ನಿದ್ದೆ ಮಾಡುತ್ತಾನಾ, ನೀನು ಮಾಡುತ್ತೀಯಾ ಎಂದು ಕೇಳಿದರು. ಮಾರ್ಲಿಸ್ ಕೂತು ಉತ್ತರ ಹೇಳಿದಳು. ಮಧ್ಯಾಹ್ನದ ಊಟ ಮುಗಿದು ಯಾರೋ ಅವಳನ್ನು ಪಿಯಾನೋ ಮುಂದೆ ಎಳೆದು ಕೂರಿಸಿದಾಗ ಹಳೆಯ ಕುಣಿತದ ಹಾಡೊಂದನ್ನು ನುಡಿಸಿದಳು. ಬೆರಳು ಅಲ್ಲಲ್ಲಿ ತಪ್ಪಿತು. ಯಾರೂ ಲೆಕ್ಕಿಸಲಿಲ್ಲ, ಎದ್ದು ಕುಣಿದರು.